ಪಂಪನಿಂದ ಪಂಪಿಗೆ



ಮೂವತ್ತುನಾಲ್ಕು ವರ್ಷ ಕಾಲೇಜಿನಲ್ಲಿ ಪಂಪನನ್ನು ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೆ ಪಂಪಿನ ಪಾಠ ಹೇಳಿಸಿಕೊಂಡೆ. ಮೊದಲನೆಯವನು ಹತ್ತನೆಯ ಶತಮಾನದ ಆದಿಕವಿ. ಎರಡನೆಯದು ಮೋಟಾರು ಕಾರಿನ ಮೂತಿಯೊಳಗೆ ಕುಳಿತು ನೀರನ್ನು ಸುತ್ತಿಸುವ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಎರಕದ ಕಬ್ಬಿಣದ ತುಂಡು. ಈ ಎರಡನೆಯ ಪಾಠವನ್ನು ಹೇಳಿದವರು ಬಾಪೂಜಿ ನಗರದ ಒಂದು ಅಡ್ಡರಸ್ತೆಯ ಕೊನೆಯಲ್ಲಿ, ಹೊಂಗೆಯ ಮರದ ಕೆಳಗೆ, ತಗಡಿನ ಚಪ್ಪರ ಹಾಕಿಕೊಂಡಿರುವ ಒಬ್ಬ ಮೇಸ್ತ್ರಿ. ಅವರ ಹೆಸರನ್ನು ಹೇಳಬಾರದೆಂದು ಅವರೇ ಕೇಳಿಕೊಂಡಿದ್ದಾರೆ. 'ಹೆಸರು ಹೇಳಿದ್ರೆ ಜನ ಬಂದ್ಬಿಡ್ತಾರೆ ಮೇಷ್ಟ್ರೆ, ಇರೋ ಕೆಲಸಾನೇ ಮುಗೀತಾ ಇಲ್ಲ' ಎಂದರು. ಆದಕಾರಣ ಅವರನ್ನು ಮೇಸ್ತ್ರಿಗಳು ಎಂದಷ್ಟೇ ಕರೆಯುತ್ತೇನೆ.

ನಮ್ಮ ಮನೆಯಲ್ಲಿರುವುದು 1986ನೆಯ ಇಸವಿಯ ಅಂಬಾಸಿಡರ್ ಕಾರು. ನನ್ನ ತಂದೆಯವರು ಕೊಂಡದ್ದು. ತಂದ ದಿನವೇ ಮೈಸೂರು ರಸ್ತೆಯ ಗಾಳಿ ಆಂಜನೇಯಸ್ವಾಮಿ ಗುಡಿಯ ಮುಂದೆ ನಿಲ್ಲಿಸಿ ನಾಲ್ಕು ಗಾಲಿಗಳಿಗೂ ನಿಂಬೆಯ ಹಣ್ಣಿಟ್ಟು ಪೂಜೆ ಮಾಡಿಸಿದ್ದರು. ಈ ಕಾರನ್ನು ತಯಾರಿಸುತ್ತಿದ್ದ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 2014ರಲ್ಲಿ ಉತ್ಪಾದನೆ ನಿಂತುಹೋಯಿತು. ಮಾರಿಬಿಡಿ ಎಂದು ಮಕ್ಕಳು ಹೇಳುತ್ತಲೇ ಇದ್ದಾರೆ. ನಾನು ಮಾರದೆ ಉಳಿಸಿಕೊಂಡಿರುವುದಕ್ಕೆ ತಂದೆಯವರ ನೆನಪು ಒಂದು ಕಾರಣವಾದರೂ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದುಂಟು. ನನ್ನ ಅಕ್ಕನಿಗೆ ಎಪ್ಪತ್ತೆಂಟು ವರ್ಷ. ಮೂತ್ರಪಿಂಡಗಳೆರಡೂ ಕೆಲಸ ನಿಲ್ಲಿಸಿರುವುದರಿಂದ ವಾರಕ್ಕೆರಡು ಸಲ ಕೆಂಗೇರಿಯ ದಿಕ್ಕಿನ ಒಂದು ಆಸ್ಪತ್ರೆಗೆ ಹೋಗಿ ನಾಲ್ಕು ನಾಲ್ಕು ಗಂಟೆ ರಕ್ತಶುದ್ಧಿ ಮಾಡಿಸಿಕೊಂಡು ಬರಬೇಕು. ಮಂಡಿ ಮಡಚಲಾರಳು. ಇಂದಿನ ಕಾರುಗಳಿಗೆ ಬಗ್ಗಿ ನುಸುಳಬೇಕು. ಅಂಬಾಸಿಡರಿನ ಹಿಂದಿನ ಆಸನವಾದರೋ ನಮ್ಮ ಹಳೆಯ ಮನೆಯ ಜಗಲಿಯ ಎತ್ತರಕ್ಕಿದೆ. ಬಾಗಿಲು ತೆಗೆದರೆ ಅವಳು ಜಗಲಿಯ ಮೇಲೆ ಕೂರುವಂತೆ ಕೂರುತ್ತಾಳೆ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಕ್ಕೆ ಎಳೆದುಕೊಳ್ಳುತ್ತಾಳೆ. ಆ ಕಾರು ಓಡುವುದು ನಮಗೆ ಷೋಕಿಯ ವಿಷಯವಲ್ಲ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅದು ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ನಿಂತುಹೋಯಿತು. ತಲೆಯ ಮೇಲೆ ಮೆಟ್ರೋ ರೈಲು, ಪಕ್ಕದಲ್ಲಿ ವೃಷಭಾವತಿಯ ನಾತ, ಹಿಂದೆ ಮುಂದೆ ಲಾರಿಗಳು. ಶಾಖವನ್ನು ತೋರಿಸುವ ಮುಳ್ಳು ಕೊನೆಯ ಗೆರೆಯನ್ನು ಮುಟ್ಟಿ ನಿಂತಿತ್ತು. ಬಾನೆಟ್ಟಿನ ಸಂದುಗಳಿಂದ ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆದಂತೆ ಆವಿ ಏಳುತ್ತಿತ್ತು. ನಾನು ಕೆಳಗಿಳಿದು ಬಾನೆಟ್ಟು ಎತ್ತಿ, ಹೆಗಲ ಮೇಲಿನ ಟವಲನ್ನು ಮಡಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ. ರಸ್ತೆಯ ಬದಿಯಲ್ಲಿ ಎಳನೀರು ಮಾರುತ್ತಿದ್ದವನು ಮಚ್ಚು ಹಿಡಿದುಕೊಂಡೇ ಓಡಿಬಂದು, 'ಕೈ ತೆಗೀರಿ ಯಜಮಾನ್ರೆ! ಮುಖ ಸುಟ್ಟೋಗ್ತದೆ!' ಎಂದು ಕೂಗಿಕೊಂಡ. ನಾನು ಬೆದರಿ ಕೈ ತೆಗೆದೆ. ಆ ಕೂಗು ಒಂದು ಕ್ಷಣ ತಡವಾಗಿದ್ದರೆ ಇಂದು ನಿಮ್ಮೊಡನೆ ಮಾತನಾಡುತ್ತಿರುವ ಮುಖ ಈ ಮುಖವಾಗಿರುತ್ತಿರಲಿಲ್ಲ.

ಏಕೆಂದರೆ, ಆ ಮುಚ್ಚಳವು ಬರಿಯ ಮುಚ್ಚಳವಲ್ಲ. ಅದರೊಳಗೆ ಒಂದು ಸ್ಪ್ರಿಂಗು ಉಂಟು. ಅದು ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯವರೆಗೆ ಕಾಯುವುದೇ ಇಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಚದರ ಅಂಗುಲಕ್ಕೆ ಒಂದು ಪೌಂಡಿನಂತೆ ಒತ್ತಡ ಹೆಚ್ಚಿದಾಗಲೆಲ್ಲ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಮೇಲಕ್ಕೇರುತ್ತದೆ. ಹೀಗೆ ಒತ್ತಡದ ಕೆಳಗೆ ಕುದಿಯದೆ ತಡೆದುಕೊಂಡಿರುವ ನೀರಿನ ಮುಚ್ಚಳವನ್ನು ತಟಕ್ಕನೆ ತೆಗೆದರೆ ಅದು ಒಂದೇ ಏಟಿಗೆ ಆವಿಯಾಗಿ ಚಿಮ್ಮುತ್ತದೆ. ಅಡುಗೆಮನೆಯ ಕುಕ್ಕರಿನ ವಿಷಯದಲ್ಲಿ ನಮ್ಮ ಹೆಂಗಸರಿಗೆಲ್ಲ ತಿಳಿದಿರುವ ಈ ಸಂಗತಿ ಎಂ.ಎ. ಮಾಡಿದವನಿಗೆ ರಸ್ತೆಯಲ್ಲಿ ಮರೆತುಹೋಗಿತ್ತು.

ಎಳನೀರಿನವನು ಅಕ್ಕನನ್ನು ತನ್ನ ಸ್ಟೂಲಿನ ಮೇಲೆ ನೆರಳಿನಲ್ಲಿ ಕೂರಿಸಿದ. ಪ್ರೀತಿಯಿಂದ ಒಂದು ಎಳನೀರನ್ನೂ ಕೆತ್ತಿಕೊಟ್ಟ. ಅವಳ ಕಾಯಿಲೆಗೆ ಎಳನೀರು ನಿಷಿದ್ಧ, ಅದನ್ನು ನಾನೇ ಕುಡಿದೆ. ಆಟೋರಿಕ್ಷಾ ಸಿಕ್ಕುವ ವೇಳೆಗೆ ಮುಕ್ಕಾಲು ಗಂಟೆ ಕಳೆಯಿತು, ಅವಳನ್ನು ಅದರೊಳಕ್ಕೆ ಹತ್ತಿಸುವುದಕ್ಕೆ ಇನ್ನಷ್ಟು ಹೊತ್ತಾಯಿತು. ಆಸ್ಪತ್ರೆ ಸೇರಿದಾಗ ನಮ್ಮ ಪಾಳಿ ಬೇರೆಯವರಿಗೆ ಹೋಗಿತ್ತು. ಮರುದಿನ ಬೆಳಗಿನ ಜಾವಕ್ಕೆ ಬನ್ನಿ ಎಂದರು. ಆ ರಾತ್ರಿ ಅಕ್ಕ ಮಲಗಲಾರದೆ, ಉಬ್ಬಸ ಪಡುತ್ತ, ಗೋಡೆಗೆ ದಿಂಬನ್ನು ಒರಗಿಸಿಕೊಂಡು ಕುಳಿತೇ ಇದ್ದಳು. ನಾನೂ ಎದುರಿಗೆ ಕುಳಿತಿದ್ದೆ. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ಆ ರಾತ್ರಿ ನನ್ನನ್ನು ಕೊರೆದ ಪ್ರಶ್ನೆ ಇದು: ಈ ಕಾರು ಮುನ್ಸೂಚನೆ ಕೊಡದೆ ನಿಂತಿತೇ? ಇಲ್ಲ. ಮೂರು ತಿಂಗಳಿಂದ ಅದು ಹೇಳುತ್ತಲೇ ಇತ್ತು.

ಮೊದಲನೆಯದಾಗಿ, ಪ್ರತಿದಿನ ಬೆಳಗ್ಗೆ ಕಾರಿನ ಮೂತಿಯ ಕೆಳಗೆ ನೆಲದ ಮೇಲೆ ಒಂದು ರೂಪಾಯಿಯ ನಾಣ್ಯದಷ್ಟು ಒದ್ದೆ. ಹಾಲಿನವನ ಕ್ಯಾನಿನಿಂದ ಚೆಲ್ಲಿದ್ದೆಂದು ತಿಳಿದೆ. ಎರಡನೆಯದಾಗಿ, ಬೆಳಗ್ಗೆ ಎಂಜಿನ್ ಶುರುಮಾಡಿದಾಗ ಗುಬ್ಬಚ್ಚಿಯ ಮರಿಯಂತೆ ಒಂದು ಚಿಂವ್ ಚಿಂವ್ ಸದ್ದು. ಬಾಪೂಜಿ ನಗರಕ್ಕೆ ಗುಬ್ಬಚ್ಚಿಗಳು ಮರಳಿ ಬಂದವೆಂದು ಸಂತೋಷಪಟ್ಟೆ. ತಿಂಗಳು ಕಳೆದ ಮೇಲೆ ಆ ಗುಬ್ಬಚ್ಚಿಯ ಗಂಟಲು ಒಡೆದು ರಾಗಿಕಲ್ಲಿನ ಗೊರಗೊರವಾಯಿತು. ಮೂರನೆಯದಾಗಿ, ರೇಡಿಯೇಟರಿಗೆ ತಿಂಗಳಿಗೊಮ್ಮೆ ಸುರಿಯುತ್ತಿದ್ದ ನೀರನ್ನು ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಸುರಿಯಬೇಕಾಯಿತು. ಸುರಿದೆ, ಅದೆಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ನಾಲ್ಕನೆಯದಾಗಿ ಮುಳ್ಳು ಏರತೊಡಗಿತು. ಆಗ ಮಾತ್ರ ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆ. ಅದು ಯಾವುದೆಂಬುದು ಇಲ್ಲಿ ಅಪ್ರಸ್ತುತ. ಅಲ್ಲಿಯವರು ಬಿಸಿಯಾಗುತ್ತಿದೆ ಎಂದೊಡನೆ ರೇಡಿಯೇಟರನ್ನು ಬಿಚ್ಚಿ ತೊಳೆದರು. ಥರ್ಮೋಸ್ಟಾಟ್ ಎಂಬ ಕವಾಟವನ್ನು ಕಿತ್ತು ಕೈಗೆ ಕೊಟ್ಟು, ನಮ್ಮ ದೇಶದ ಸೆಕೆಗೆ ಇದು ಬೇಡವೇ ಬೇಡ ಎಂದರು. ದೊಡ್ಡ ಬಿಲ್ಲು ಕೊಟ್ಟರು. ಮೂರು ವಾರ ಕಳೆಯುವಷ್ಟರಲ್ಲಿ ನಾಯಂಡಹಳ್ಳಿಯ ಪ್ರಸಂಗ ನಡೆಯಿತು.

ಇಲ್ಲಿ ಸ್ವಲ್ಪ ನಿಂತು, ಕಾರಿಗೆ ನೀರೇಕೆ ಬೇಕು ಎಂಬುದನ್ನು ನೋಡೋಣ. ಎಂಜಿನ್ನಿನ ಕೊಳವೆಗಳೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಶಾಖ 2000 ಡಿಗ್ರಿಯನ್ನು ಮೀರುತ್ತದೆ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುವ ಲೋಹ. ಎರಕದ ಕಬ್ಬಿಣ ಸುಮಾರು 1200ರ ಒಳಗೇ ಕರಗುತ್ತದೆ. ಪೆಟ್ರೋಲಿನ ಶಾಖದಲ್ಲಿ ಹೆಚ್ಚೆಂದರೆ ಕಾಲುಭಾಗ ಗಾಲಿಗಳನ್ನು ತಿರುಗಿಸುತ್ತದೆ. ಹೆಚ್ಚುಕಡಮೆ ಮೂರರಲ್ಲೊಂದು ಭಾಗವನ್ನು ನೀರು ಹೊತ್ತು ಹೊರಗೆ ಹಾಕಬೇಕು. ಉಳಿದದ್ದು ಬಹುಮಟ್ಟಿಗೆ ಹೊಗೆಯ ಕೊಳವೆಯಲ್ಲಿ ಹೋಗುತ್ತದೆ. ನೀರು ತನ್ನ ಪಾಲಿನ ಕೆಲಸ ನಿಲ್ಲಿಸಿದರೆ ಎಂಜಿನ್ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ.

ಮೊದಮೊದಲಿನ ಕಾರುಗಳಿಗೆ ಪಂಪು ಇರಲಿಲ್ಲ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬ ಗೃಹಿಣಿ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಗಾಡಿಯನ್ನು ಅವನಿಗೆ ಹೇಳದೆ ಹೊರಡಿಸಿ, ಇಬ್ಬರು ಮಕ್ಕಳೊಡನೆ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರುಮನೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿದಳು. ಆ ಗಾಡಿಯ ನೀರು ಕುದಿದು ಆವಿಯಾಗಿ ಹೋಗುತ್ತಲೇ ಇತ್ತು. ಆಕೆ ದಾರಿಯುದ್ದಕ್ಕೂ ಸಿಕ್ಕಿದಲ್ಲಿ ನೀರು ತುಂಬಿಸಿಕೊಳ್ಳುತ್ತಲೇ ಇದ್ದಳು. ಲೋಕದ ಮೊದಲ ದೂರ ಪ್ರಯಾಣದ ಕಾರು ತವರಿಗೆ ಹೊರಟ ಹೆಂಗಸಿನದು ಎಂಬುದು ನಮ್ಮ ಜನಪದ ಕವಿಗಳಿಗೆ ಮೆಚ್ಚಿಕೆಯಾಗುತ್ತಿತ್ತು. ಕಾದ ನೀರು ಹಗುರವಾಗಿ ಮೇಲೇರುವ, ತಣಿದ ನೀರು ಕೆಳಗಿಳಿಯುವ ಸ್ವಭಾವವನ್ನೇ ನಂಬಿ ಪಂಪಿಲ್ಲದೆ ನೀರನ್ನು ಸುತ್ತಿಸುವ ಉಪಾಯವೂ ಬಂತು. 1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಮೊದಲ ಎರಡೂವರೆ ಸಾವಿರದಷ್ಟು ಗಾಡಿಗಳಿಗೆ ಪಂಪು ಇತ್ತು. ಆಮೇಲೆ ಅದನ್ನು ಕೈಬಿಟ್ಟು ಈ ಉಪಾಯವನ್ನೇ ಹಿಡಿದರು. ಎಂಜಿನ್ನುಗಳ ಬಲ ಹೆಚ್ಚಿದಂತೆ ಅದು ಸಾಲದಾಯಿತು. ನೀರನ್ನು ನೂಕುವ ಕೈ ಬೇಕೇ ಬೇಕಾಯಿತು.

ಆ ಕೈಯೇ ಪಂಪು. ಅದರ ರಚನೆ ಬಹಳ ಸರಳ. ಒಂದು ದಂಡ, ಅದರ ಒಂದು ತುದಿಗೆ ಬೆಲ್ಟು ತಿರುಗಿಸುವ ಪುಲ್ಲಿ, ನಮ್ಮ ಹಳೆಯ ಅಂಬಾಸಿಡರಿನಲ್ಲಾದರೆ ಗಾಳಿ ಎಳೆಯುವ ಫ್ಯಾನು ಕೂಡ, ಇನ್ನೊಂದು ತುದಿಗೆ ನೀರಿನೊಳಗೆ ಮುಳುಗಿರುವ ರೆಕ್ಕೆಯ ಚಕ್ರ. ಮಜ್ಜಿಗೆ ಕಡೆಯುವಾಗ ಮಜ್ಜಿಗೆ ನಡುವಿನಿಂದ ಅಂಚಿಗೆ ಎಸೆಯಲ್ಪಡುವಂತೆ, ಈ ಚಕ್ರ ನಡುವಿನಿಂದ ನೀರನ್ನು ಎಳೆದುಕೊಂಡು ಅಂಚಿಗೆ ಎಸೆಯುತ್ತದೆ. ದಂಡವು ಸರಾಗವಾಗಿ ತಿರುಗಲು ನಡುವೆ ಬೇರಿಂಗು. ನೀರು ಬೇರಿಂಗಿನ ಕಡೆಗೆ ಬರದಂತೆ ತಡೆಯಲು ಸೀಲು: ನುಣುಪಾದ ಇಂಗಾಲದ ಒಂದು ಬಳೆ, ಸ್ಪ್ರಿಂಗಿನ ಒತ್ತಡದಿಂದ ಇನ್ನೊಂದು ನುಣುಪು ಮುಖಕ್ಕೆ ಸದಾ ಅಂಟಿಕೊಂಡು ಉಜ್ಜುತ್ತಿರುತ್ತದೆ. ಈ ಸೀಲಿಗೂ ಬೇರಿಂಗಿಗೂ ನಡುವೆ, ಪಂಪಿನ ಹೊಟ್ಟೆಯ ಕೆಳಗಡೆ, ಬೇಕೆಂದೇ ಕೊರೆದ ಒಂದು ಸಣ್ಣ ತೂತು ಇರುತ್ತದೆ. ಸೀಲು ಸವೆದು ನೀರು ಜಿನುಗಿದರೆ ಅದು ಬೇರಿಂಗನ್ನು ಕೆಡಿಸದೆ ಹೊರಗೆ ಬೀಳಲಿ, ಬಿದ್ದು ಯಜಮಾನನಿಗೆ ತಿಳಿಯಲಿ ಎಂಬುದು ಅದರ ಉದ್ದೇಶ. ಇಂಗ್ಲಿಷಿನಲ್ಲಿ ಅದಕ್ಕೆ ಅಳುವ ತೂತು ಎಂಬರ್ಥದ ಹೆಸರಿದೆ. ಹಾಲಿನವನ ಮೇಲೆ ನಾನು ಹೊರಿಸಿದ ಅಪವಾದವನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಮೇಸ್ತ್ರಿಗಳ ಚಪ್ಪರದ ಕೆಳಗೆ ಕಾರನ್ನು ಎಳೆಸಿಕೊಂಡು ಹೋದಾಗ ಅವರು ಬಾನೆಟ್ಟನ್ನು ಎತ್ತಲೇ ಇಲ್ಲ. ಚಹ ತರಿಸಿದರು. 'ಹೇಳಿ ಮೇಷ್ಟ್ರೆ' ಎಂದರು. ನಿಂತಾಗ ಬಿಸಿಯೋ, ಓಡುವಾಗ ಬಿಸಿಯೋ? ನೀರು ಕಡಮೆಯಾಗುತ್ತಿತ್ತೋ, ಇದ್ದೂ ಬಿಸಿಯಾಗುತ್ತಿತ್ತೋ? ನೆಲ ಒದ್ದೆಯಾಗುತ್ತಿದ್ದುದು ರಾತ್ರಿಯೋ ಹಗಲೋ? ಸದ್ದು ಹೇಗೆ, ಬಾಯಲ್ಲಿ ಮಾಡಿ ತೋರಿಸಿ. ನಾನು ಚಿಂವ್ ಚಿಂವ್ ಎಂದೂ ಗೊರಗೊರ ಎಂದೂ ಮಾಡಿ ತೋರಿಸಿದೆ. ಅವರ ಶಿಷ್ಯ ಹುಡುಗರಿಬ್ಬರು ನಗೆ ತಡೆದುಕೊಂಡರು. ಮೇಸ್ತ್ರಿಗಳು ಮಾತ್ರ ನಗದೆ ತಲೆದೂಗಿದರು.

ಆಗ ನನಗೆ ಆಯುರ್ವೇದದ ನಿದಾನಪಂಚಕ ನೆನಪಾಯಿತು. ರೋಗವನ್ನು ತಿಳಿಯುವುದಕ್ಕೆ ನಮ್ಮ ವೈದ್ಯರು ಐದು ದಾರಿಗಳನ್ನು ಹೇಳಿದ್ದಾರೆ: ನಿದಾನ ಎಂದರೆ ಮೂಲಕಾರಣ, ಪೂರ್ವರೂಪ ಎಂದರೆ ಮುನ್ಸೂಚನೆ, ರೂಪ ಎಂದರೆ ಪ್ರಕಟವಾದ ಲಕ್ಷಣ, ಉಪಶಯ ಎಂದರೆ ಯಾವುದರಿಂದ ಶಮನವಾಗುತ್ತದೆ ಎಂಬ ಪರೀಕ್ಷೆ, ಸಂಪ್ರಾಪ್ತಿ ಎಂದರೆ ರೋಗ ಒಳಗೆ ಬೆಳೆದ ಬಗೆ. ರೋಗನಿರ್ಣಯಕ್ಕೇ ಮೀಸಲಾದ ಮಾಧವನಿದಾನವೆಂಬ ಗ್ರಂಥವೇ ಉಂಟು. ನಮ್ಮ ಕನ್ನಡದಲ್ಲಿ ಒಂದು ಸೊಗಸುಂಟು: ಅಲ್ಪಪ್ರಾಣದ 'ನಿದಾನ' ರೋಗಪರೀಕ್ಷೆ, ಮಹಾಪ್ರಾಣದ 'ನಿಧಾನ' ತಾಳ್ಮೆ. ಮೊದಲನೆಯದಕ್ಕೆ ಎರಡನೆಯದು ಬೇಕು ಎಂಬುದನ್ನು ಆ ಚಹದ ಲೋಟ ನನಗೆ ಕಲಿಸಿತು.

ಲೋಟ ಬರಿದಾದ ಮೇಲೆ ಪರೀಕ್ಷೆ ತೊಡಗಿತು. ಮೊದಲು ಅವರು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಕಪ್ಪಗಿತ್ತು, ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರಲಿಲ್ಲ. 'ನೀರು ಒಳಗೆ ಹೋಗಿಲ್ಲ. ಹೆಡ್ಡು ಬಚಾವ್' ಎಂದರು. ಎಂಜಿನ್ನಿನ ತಲೆಯ ಪ್ಯಾಕಿಂಗು ಸುಟ್ಟಿದ್ದರೆ ಎಣ್ಣೆಗೂ ನೀರಿಗೂ ಸಂಕರವಾಗುತ್ತಿತ್ತು. ಖರ್ಚು ಹಲವು ಪಟ್ಟು ಏರುತ್ತಿತ್ತು. ಬಳಿಕ ಸಣ್ಣ ಕನ್ನಡಿಯನ್ನೂ ಟಾರ್ಚನ್ನೂ ಹಿಡಿದು ಪಂಪಿನ ಹೊಟ್ಟೆಯ ಕೆಳಗೆ ತೋರಿಸಿದರು. ಅಳುವ ತೂತಿನಿಂದ ಕೆಳಕ್ಕೆ ತುಕ್ಕಿನ ಕೆಂಪು ಗೆರೆ, ಅದರ ಅಂಚಿಗೆ ಸುಣ್ಣದ ಬಿಳಿ. ಅತ್ತು ಅತ್ತು ಕೆನ್ನೆಯ ಮೇಲೆ ಕಲೆ ನಿಂತ ಹಾಗಿತ್ತು. ಆಮೇಲೆ ಬೆಲ್ಟನ್ನು ಸಡಿಲಿಸಿ ಫ್ಯಾನಿನ ಎರಡು ಎದುರು ರೆಕ್ಕೆಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರು. ಸಡಿಲವಾದ ಹಲ್ಲಿನಂತೆ ಅದು ಅಲುಗಿತು. 'ನೀವೇ ಹಿಡೀರಿ' ಎಂದರು, ಹಿಡಿದೆ. ತಿರುಗಿಸಿದಾಗ ಒಳಗೆ ಮರಳು ಅರೆದಂತೆ ಕೈಗೆ ತಾಗಿತು. ಕೊನೆಗೆ ಬೆಲ್ಟು ಹಾಕಿ, ಸ್ವಲ್ಪ ನೀರು ಸುರಿದು, ಒಂದೇ ನಿಮಿಷ ಎಂಜಿನ್ ಓಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿಗೆ ತಾಗದಂತೆ ಪಂಪಿನ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಂಡರು. ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳುವ ಭಂಗಿ ಅದೇ. 'ರೇಡಿಯೇಟರ್ ತಪ್ಪು ಮಾಡಿಲ್ಲ ಮೇಷ್ಟ್ರೆ. ಬಿಸಿ ಕಾಣ್ಸಿದ್ದು ಅಲ್ಲಿ, ಕೆಟ್ಟಿದ್ದು ಇಲ್ಲಿ' ಎಂದರು.

ಈ ಒಂದು ಮಾತಿಗಾಗಿ ನಾನು ಈ ಭಾಷಣವನ್ನೇ ಒಪ್ಪಿಕೊಂಡೆನೆಂದರೂ ಸಲ್ಲುತ್ತದೆ. ತಾಳೆಗರಿಯ ಪ್ರತಿಗಳನ್ನು ಇಟ್ಟುಕೊಂಡು ಹಳೆಯ ಕಾವ್ಯಗಳನ್ನು ಸಂಪಾದಿಸುವವರಿಗೆ ಇದು ಗೊತ್ತಿರುವ ವಿಷಯ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಮುಂದಿಟ್ಟುಕೊಂಡು ನಾನೇ ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಹೇಳಿದ್ದೆ: ಒಂದು ಪದ್ಯದ ಮೂರನೆಯ ಪಾದದಲ್ಲಿ ಅರ್ಥ ಕೆಟ್ಟಂತೆ ಕಂಡರೆ ಆ ಪಾದವನ್ನೇ ತಿದ್ದಲು ಹೋಗಬೇಡಿ, ಲಿಪಿಕಾರನ ಕೈ ತಪ್ಪಿದ್ದು ಮೊದಲನೆಯ ಪಾದದ ಒಂದು ಅಕ್ಷರದಲ್ಲಿರಬಹುದು, ಅದರ ಪರಿಣಾಮ ಮೂರನೆಯದರಲ್ಲಿ ಕಾಣುತ್ತಿರಬಹುದು. ತಪ್ಪು ಕಾಣುವ ಜಾಗವೇ ಬೇರೆ, ತಪ್ಪು ಇರುವ ಜಾಗವೇ ಬೇರೆ. ತರಗತಿಯಲ್ಲಿ ಇಷ್ಟು ಖಚಿತವಾಗಿ ಹೇಳುತ್ತಿದ್ದವನು ಕಾರಿನ ವಿಷಯದಲ್ಲಿ ಕಂಡ ಜಾಗವನ್ನೇ ತಿದ್ದಿಸಿ ಹಣ ಕೊಟ್ಟು ಬಂದಿದ್ದೆ.

ಹೊಸ ಪಂಪಿಗಾಗಿ ಜೆ.ಸಿ. ರಸ್ತೆಗೆ ಹೋದೆ. ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿರುವ ಬೀದಿ ಅದು. ಅಂಬಾಸಿಡರಿನ ಪಂಪು ಬೇಕು ಎಂದೆ. 'ಯಾವ ಎಂಜಿನ್ ಸಾರ್?' ಎಂದರು. ತೊಂಬತ್ತರ ದಶಕದಲ್ಲಿ ಅಂಬಾಸಿಡರಿಗೆ ಇಸುಜು ಎಂಜಿನ್ನೂ ಬಂತು. ನಮ್ಮದು ಅದಕ್ಕೂ ಹಿಂದಿನ 1489 ಸಿ.ಸಿ.ಯ ಎಂಜಿನ್. ಒಂದರ ಪಂಪು ಇನ್ನೊಂದಕ್ಕೆ ಹೊಂದದು. ಯಾವ ಪ್ರತಿಯ ಪಾಠ ಎಂದು ಕೇಳಿದಂತಾಯಿತು. ಅದಕ್ಕೇ ಮೇಸ್ತ್ರಿಗಳು ಮೊದಲೇ ಹಳೆಯ ಪಂಪನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಿದ್ದರು. ಅಂಗಡಿಯವರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬೋಲ್ಟಿನ ತೂತುಗಳನ್ನೂ ದಂಡದ ಉದ್ದವನ್ನೂ ಹೋಲಿಸಿದರು. ದಂಡ ಸ್ವಲ್ಪ ಉದ್ದವಾದರೂ ಫ್ಯಾನು ರೇಡಿಯೇಟರಿಗೆ ತಗುಲೀತು. ಹಳೆಯದಕ್ಕೇ ಸೀಲು, ಬೇರಿಂಗು ಹಾಕಿಸಬಹುದಲ್ಲ ಎಂದು ಕೇಳಿದೆ. ಅವರು ಅದರ ರೆಕ್ಕೆಯ ಚಕ್ರವನ್ನು ತೋರಿಸಿದರು. ರೆಕ್ಕೆಗಳು ಇಲಿ ತಿಂದ ರೊಟ್ಟಿಯಂತೆ ಅಂಚಿನಲ್ಲಿ ನವೆದುಹೋಗಿದ್ದವು. ತಿರುಗಿದರೂ ಅವು ನೀರನ್ನು ನೂಕುವಂತಿರಲಿಲ್ಲ.

ಮರುದಿನ ಜೋಡಣೆ. ಮೇಸ್ತ್ರಿಗಳ ಅಪ್ಪಣೆಯಂತೆ ನಾನೂ ಪಕ್ಕದಲ್ಲಿ ನಿಂತು ಬೋಲ್ಟುಗಳ ಡಬ್ಬಿ ಹಿಡಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹಿಂದಿನ ದಿನ ನೀರನ್ನು ಕೆಳಗೆ ಬಸಿದು, ಕೊಳವೆಗಳನ್ನು ಕಳಚಿ, ರೇಡಿಯೇಟರನ್ನು ಎತ್ತಿಟ್ಟು, ಫ್ಯಾನು, ಪುಲ್ಲಿ, ಕೊನೆಗೆ ಪಂಪು, ಹೀಗೆ ಕ್ರಮವಾಗಿ ಬಿಚ್ಚಿದ್ದರು. ಪಂಪು ಕೂರುವ ಎಂಜಿನ್ನಿನ ಮುಖದ ಮೇಲೆ ಹಳೆಯ ಪ್ಯಾಕಿಂಗಿನ ತುಣುಕುಗಳು ಅಂಟಿದ್ದವು. ತೂತಿಗೆ ಬಟ್ಟೆ ತುರುಕಿ, ತುಣುಕುಗಳು ಒಳಕ್ಕೆ ಬೀಳದಂತೆ ನೋಡಿಕೊಂಡು, ಕಬ್ಬಿಣಕ್ಕೆ ಗೀರು ಬೀಳದಂತೆ ಅವನ್ನು ಕೆರೆದು ತೆಗೆದದ್ದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. 'ಜನ ಅವಸರ ಮಾಡೋದು ಇಲ್ಲೇ' ಎಂದರು. ಹೊಸ ಪ್ಯಾಕಿಂಗು ಇಟ್ಟು, ಪಂಪು ಕೂರಿಸಿ, ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿದರು. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಬದಿ ಎದ್ದುಕೊಳ್ಳುತ್ತದೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಾಗುವಂತೆ ಎಳೆದು ಕಟ್ಟಿದರು. ಹೆಚ್ಚು ಸಡಿಲವಾದರೆ ಜಾರುತ್ತದೆ. ಹೆಚ್ಚು ಬಿಗಿಯಾದರೆ ಹೊಸ ಬೇರಿಂಗನ್ನು ತಿನ್ನುತ್ತದೆ.

ಆ ಮೇಲೆ, 'ಥರ್ಮೋಸ್ಟಾಟ್ ಎಲ್ಲಿ?' ಎಂದರು. ಮನೆಯಲ್ಲಿದೆ ಎಂದೆ. ಮನೆಗೆ ಹೋಗಿ, ನನ್ನಾಕೆಯ ಹಳೆಯ ಪಾತ್ರೆಯೊಂದರಲ್ಲಿ ನೀರಿಟ್ಟು, ಕವಾಟವನ್ನು ದಾರದಲ್ಲಿ ಇಳಿಬಿಟ್ಟು ಕಾಯಿಸಿದೆವು. ಶಾಖ 80 ಡಿಗ್ರಿ ದಾಟಿದ ಮೇಲೆ ಅದು ಮೆಲ್ಲಗೆ ಬಾಯಿ ತೆರೆಯಿತು, ತಣಿದಾಗ ಮುಚ್ಚಿತು. ನಿರಪರಾಧಿಯೆಂದು ಸಾಬೀತಾಯಿತು. ಅದರೊಳಗಿನ ಮೇಣ ಕಾದು ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಎಂಜಿನ್ ಬೇಗ ಬೆಚ್ಚಗಾಗಲೆಂದು ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಎಂಜಿನ್ನಿಗೆ ಅತಿ ಶಾಖ ಹೇಗೆ ಕೇಡೋ ಅತಿ ತಂಪೂ ಹಾಗೆಯೇ ಕೇಡು. ತಂಪಿನಲ್ಲಿ ಓಡುವ ಎಂಜಿನ್ ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಬೇಗ ಸವೆಯುತ್ತದೆ. ಸೆಕೆಯ ದೇಶಕ್ಕೆ ಬೇಡ ಎಂಬ ಮಾತು ತಪ್ಪು. ಕವಾಟ ತನ್ನ ಮನೆಗೆ ಮರಳಿತು.

ಉಳಿದದ್ದು ಮೂಲಕಾರಣ. ಪಂಪು ಏಕೆ ಕೆಟ್ಟಿತು? ವಯಸ್ಸಾಯಿತು ಎಂದು ನಾನು ಹೇಳಿದೆ. ಮೇಸ್ತ್ರಿಗಳು ಹಳೆಯ ಪಂಪಿನೊಳಗಿನಿಂದ ಉಗುರಿನಲ್ಲಿ ಒಂದು ಬಿಳಿಯ ಹೆಕ್ಕಳಿಕೆಯನ್ನು ಎತ್ತಿ, 'ಯಾವ ನೀರು ಹಾಕ್ತೀರಿ?' ಎಂದರು. ಅಂಗಳದ ಕೊಳವೆಬಾವಿಯ ನೀರು.

ಕೇಳುಗರು ಬಲ್ಲರು, ಬೆಂಗಳೂರು ಎಂಬ ಊರೇ ಪಂಪುಗಳ ಮೇಲೆ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪುಗಳು ಕಾವೇರಿಯ ನೀರನ್ನು ನೂರು ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ನೂಕುತ್ತವೆ. ಅಷ್ಟಾಗಿಯೂ ನಲ್ಲಿ ದಿನವೂ ಬರುವುದಿಲ್ಲವಾದ್ದರಿಂದ ಮನೆಮನೆಯಲ್ಲೂ ಕೊಳವೆಬಾವಿ. ಆ ನೀರು ಕಲ್ಲಿನ ಆಳದಿಂದ ಸುಣ್ಣದ ಅಂಶವನ್ನು ಹೊತ್ತು ತರುತ್ತದೆ. ಕಾಯಿಸಿದಾಗ ಹಂಡೆಯ ತಳಕ್ಕೆ ಹೆಕ್ಕಳಿಕೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಹೆಕ್ಕಳಿಕೆ ಎಂಜಿನ್ನಿನ ದಾರಿಗಳಲ್ಲೂ ಕಟ್ಟಿತು. ತುಕ್ಕಿನ ಕಣಗಳೊಡನೆ ಸೇರಿ ಸೀಲಿನ ನುಣುಪು ಮುಖವನ್ನು ಅರೆಯಿತು. ಸೀಲು ಸವೆಯಿತು, ನೀರು ಬೇರಿಂಗನ್ನು ಮುಟ್ಟಿತು, ಬೇರಿಂಗು ಸಡಿಲವಾಗಿ ದಂಡ ಅಲುಗಿತು, ಅಲುಗಿದಷ್ಟೂ ಸೀಲು ಬಾಯ್ಬಿಟ್ಟಿತು. ಇದು ಸಂಪ್ರಾಪ್ತಿ. ನಿದಾನ ಯಾರು? ಪ್ರತಿ ವಾರ ತಂಬಿಗೆಯಲ್ಲಿ ನೀರು ಹೊತ್ತು ತಂದು ಸುರಿದು, ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆಂದು ಹೆಮ್ಮೆಪಟ್ಟವನು.

ಈಗ ಬಟ್ಟಿ ಇಳಿಸಿದ ನೀರಿಗೆ ಸಮವಾಗಿ ಕೂಲಂಟ್ ಬೆರೆಸಿ ತುಂಬುತ್ತೇವೆ. ಹಿಮ ಬೀಳದ ಊರಿಗೆ ಅದೇಕೆ ಎನ್ನಬೇಡಿ. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನು ಏರಿಸುತ್ತದೆ. ಒಂದೇ ಎಚ್ಚರಿಕೆ: ಅದು ಸಿಹಿಯಾದ ವಿಷ. ನೆಲಕ್ಕೆ ಚೆಲ್ಲಿದರೆ ಬೀದಿಯ ನಾಯಿ ನೆಕ್ಕಿ ಸಾಯಬಹುದು. ಮಕ್ಕಳ ಕೈಗೂ ಸಿಕ್ಕಬಾರದು. ತುಂಬುವಾಗ ಮುಚ್ಚಳ ತೆಗೆದಿಟ್ಟು ಎಂಜಿನ್ನನ್ನು ಮೆಲ್ಲಗೆ ಓಡಿಸಿದರು. ಒಳಗೆ ಸಿಕ್ಕಿದ್ದ ಗಾಳಿ ಗುಳುಗುಳು ಎಂದು ಹೊರಬಂತು, ಮಟ್ಟ ಇಳಿಯಿತು, ಮತ್ತೆ ತುಂಬಿ ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಕೊಳವೆ ಬೆಚ್ಚಗಾಯಿತು. ಕವಾಟ ತೆರೆದಿದೆ, ನೀರು ಸುತ್ತುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. 'ನಾಳೆ ಬೆಳಗ್ಗೆ ನೆಲ ನೋಡಿ ಹೇಳಿ' ಎಂದರು. ಮರುದಿನ ಬೆಳಗ್ಗೆ ಎದ್ದು, ಹಲ್ಲು ಉಜ್ಜುವುದಕ್ಕೂ ಮೊದಲು ಹೋಗಿ ಹಳೆಯ ಪತ್ರಿಕೆಯ ಹಾಳೆಯನ್ನು ಕಾರಿನ ಕೆಳಗಿನಿಂದ ಎಳೆದು ನೋಡಿದೆ. ಒಣಗಿತ್ತು. ಎಂ.ಎ. ಫಲಿತಾಂಶ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆ ವಾರ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಾಗ ಒಳಗೆ ಅವಳ ಹಾಸಿಗೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಲು ಬಿಟ್ಟರು. ಯಂತ್ರದ ಮುಖದ ಮೇಲೆ ಒಂದು ಪುಟ್ಟ ಉರುಳೆ ತಿರುಗುತ್ತ, ಕೊಳವೆಯನ್ನು ಒತ್ತುತ್ತ, ಅವಳ ರಕ್ತವನ್ನು ಸುತ್ತಿಸುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅಕ್ಕ ಕಣ್ಣು ತೆರೆದು, 'ಏನೋ ನೋಡ್ತಿದ್ದೀಯೆ? ಇದೂ ಪಂಪೇ. ಇದಕ್ಕೆ ಮಾತ್ರ ನಿಮ್ಮ ಮೇಸ್ತ್ರಿ ಕೈ ಹಾಕೋದು ಬೇಡ' ಎಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ಮೆಲ್ಲಗೆ ಹೇಳಿದಳು: 'ಕಾಲು ಊದಿಕೊಳ್ತಿದೆ ಅಂತ ನಾನೂ ಒಂದು ವರ್ಷ ಯಾರಿಗೂ ಹೇಳಿರಲಿಲ್ಲ ಕಣೋ. ಬಿಸಿಲಿಗೆ ಅಂದುಕೊಂಡಿದ್ದೆ.'

ಅದಕ್ಕೆ ನಾನೇನು ಹೇಳಲಿ? ಹಾಲಿನವನು ಚೆಲ್ಲಿದ್ದೆಂದು ನಾನು ಅಂದುಕೊಂಡಂತೆ ಅವಳು ಬಿಸಿಲು ಎಂದುಕೊಂಡಿದ್ದಳು. ಕಾರಿಗಾದರೆ ಜೆ.ಸಿ. ರಸ್ತೆಯಲ್ಲಿ ಹೊಸ ಪಂಪು ಸಿಗುತ್ತದೆ.

ನಿಮ್ಮ ಮನೆಯಲ್ಲಿ ಕಾರಿದ್ದರೆ ನಾಳೆ ಬೆಳಗ್ಗೆ ಹೊರಡುವ ಮುನ್ನ ಒಮ್ಮೆ ಬಗ್ಗಿ ಅದರ ಕೆಳಗಿನ ನೆಲವನ್ನು ನೋಡಿ. ಕಾರಿಲ್ಲದಿದ್ದರೆ, ಮನೆಯ ಹಿರಿಯರ ಕಾಲನ್ನು ನೋಡಿ. 

(ಬಾನುಲಿ ಭಾಷಣ)